ಮೊದಲು ಅಗೆದವರ ಬೀದಿ

(ಬೆಂಗಳೂರಿನ ಅಂಚಿನಲ್ಲಿ ಗೃಹ ನಿರ್ಮಾಣ ಸಹಕಾರ ಸಂಘವೊಂದು ಮಾಡಿದ ಬಡಾವಣೆ. ಒಳರಸ್ತೆಗಳು ಇನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲ, ಸಂಘದ ಸುಪರ್ದಿಯಲ್ಲೇ ಇವೆ. ಸಂಘದ ಕಾರ್ಯದರ್ಶಿ ನಿವೃತ್ತ ವಿಜ್ಞಾನ ಶಿಕ್ಷಕಿ. ಎದುರಿಗೆ ಕೂತವರು ಕೇಬಲ್ ಟಿವಿ ಕಾಲದಿಂದ ತಂತಿ ಎಳೆಯುತ್ತ ಬಂದು, ಈಗ ಇಂಟರ್ನೆಟ್ ಕಂಪನಿಗಳಿಗೆ ಫೈಬರ್ ಹಾಕಿಕೊಡುವ ಗುತ್ತಿಗೆದಾರರು.)

ಕಾರ್ಯದರ್ಶಿ: ಕೂತ್ಕೊಳ್ಳಿ. ಮೊದಲು ಕಾಫಿ ಕುಡೀರಿ, ಆಮೇಲೆ ‘ಆಗಲ್ಲ’ ಅಂತೀನಿ. ಡಾಂಬರು ಬಿದ್ದು ಇನ್ನೂ ಎರಡು ತಿಂಗಳಾಗಿಲ್ಲ. ಸರ್ಕಾರದ ದುಡ್ಡಲ್ಲ ಅದು, ಮನೆಮನೆಗೂ ಹೋಗಿ ಎತ್ತಿದ್ದು.

ಗುತ್ತಿಗೆದಾರ: ಗೊತ್ತು ಮೇಡಂ. ನಾನು ಬರಬೇಕಾಗಿದ್ದು ಡಾಂಬರಿಗೆ ಮುಂಚೆ. ಮುಖ್ಯರಸ್ತೆಯಿಂದ ನಿಮ್ಮ ಗೇಟಿನ ತನಕ ಪಾಲಿಕೆ ಅನುಮತಿ ಬೇಕಿತ್ತು. ಆ ಕಾಗದ ಕೈಗೆ ಬರೋ ಹೊತ್ತಿಗೆ ಇಲ್ಲಿ ರೋಡ್ ರೋಲರ್ ಓಡಾಡಿ ಹೋಗಿತ್ತು.

ಕಾರ್ಯದರ್ಶಿ: ಅದೂ ಅಲ್ಲದೆ ನಮ್ಮಲ್ಲಿ ಈಗಾಗಲೇ ಒಂದು ಕಂಪನಿಯ ಫೈಬರ್ ಇದೆ. ಇನ್ನೊಂದು ಯಾಕೆ?

ಗುತ್ತಿಗೆದಾರ: ಇರೋದು ಹೇಗೆ ನಡೀತಿದೆ?

ಕಾರ್ಯದರ್ಶಿ: ಮಳೆ ಬಂದ ಮಾರನೇ ದಿನ ಪೆಟ್ಟಿಗೆಯಲ್ಲಿ ಕೆಂಪು ದೀಪ. ಫೋನ್ ಮಾಡಿದರೆ ‘ಕಂಪ್ಲೇಂಟ್ ರಿಜಿಸ್ಟರ್ ಆಗಿದೆ’ ಅಂತಾರೆ. ಹುಡುಗ ಬರೋದು ಎರಡು ದಿನ ಬಿಟ್ಟು.

ಗುತ್ತಿಗೆದಾರ: ಅದೇ ಕಂಪನಿ, ಅದೇ ಹುಡುಗರು, ಪಕ್ಕದ ಬಡಾವಣೆಯಲ್ಲಿ ಅದೇ ಸಾಯಂಕಾಲ ಸರಿ ಮಾಡಿ ಹೋಗ್ತಾರೆ. ಅಲ್ಲಿ ಇನ್ನೂ ಇಬ್ಬರು ಇದ್ದಾರೆ. ತಡ ಮಾಡಿದರೆ ಗಿರಾಕಿ ಕೈಬಿಟ್ಟು ಹೋಗ್ತಾನೆ. ಇಲ್ಲಿ ಹೋಗೋದಾದ್ರೂ ಎಲ್ಲಿಗೆ?

ಕಾರ್ಯದರ್ಶಿ: ಅಂದ್ರೆ ನಾವು ರಸ್ತೆ ಕಾಪಾಡಿಕೊಂಡಿದ್ದು ಅವರಿಗೆ ಅನುಕೂಲ ಆಯ್ತು ಅಂತೀರಿ.

ಗುತ್ತಿಗೆದಾರ: ನಾನು ಹೇಳಬಾರದು, ನನ್ನ ಸ್ವಾರ್ಥ ಇದೆ. ಆದ್ರೆ ಲೆಕ್ಕ ಅದೇ. ಮೊದಲು ಅಗೆದವನಿಗೆ ಬೀದಿ. ‘ಇನ್ನು ಯಾರೂ ಅಗೆಯೋ ಹಾಗಿಲ್ಲ’ ಅಂತ ನೀವು ಬೋರ್ಡ್ ಹಾಕಿದ ದಿನ ಅವನಿಗೆ ಏಕಸ್ವಾಮ್ಯ ಸಿಕ್ಕಿತು. ಅದಕ್ಕೆ ಅವನು ನಯಾಪೈಸೆ ಕೊಟ್ಟಿಲ್ಲ.

ಕಾರ್ಯದರ್ಶಿ: ಇದನ್ನ ಹಿಂಗೆ ನೋಡಿರಲಿಲ್ಲ. ಇರಲಿ, ಅಷ್ಟಕ್ಕೇ ಒಪ್ಪಿಬಿಡಲ್ಲ ನಾನು. ಮುಖ್ಯರಸ್ತೆಯಲ್ಲಿ ಐದಾರು ಕಂಪನಿಗಳ ಕೇಬಲ್ ಇದೆಯಂತೆ. ಅಲ್ಲಿಂದ ಇಲ್ಲಿಗೆ ಅರ್ಧ ಕಿಲೋಮೀಟರೂ ಇಲ್ಲ. ಬೆಳಕು ಬರೋದಕ್ಕೆ ಏನು ಕಷ್ಟ?

ಗುತ್ತಿಗೆದಾರ: ಬೆಳಕಿಗೆ ಏನೂ ಕಷ್ಟ ಇಲ್ಲ, ಕಷ್ಟ ಇರೋದು ಮಣ್ಣಲ್ಲಿ. ನೀವು ಸೈನ್ಸ್ ಟೀಚರ್, ನಿಮಗೆ ಬೇಗ ಅರ್ಥ ಆಗುತ್ತೆ. ಎಕ್ಸ್‌ಚೇಂಜ್‌ನಲ್ಲಿ ಓಎಲ್‌ಟಿ ಅಂತ ಒಂದು ಯಂತ್ರ ಇರುತ್ತೆ. ಅದರ ಒಂದು ಪೋರ್ಟಿಂದ ಒಂದೇ ಎಳೆ ಗಾಜು ಹೊರಡುತ್ತೆ. ಬೀದಿಗೆ ಬಂದ ಮೇಲೆ ಸ್ಪ್ಲಿಟರ್ ಹಾಕಿ ಆ ಬೆಳಕನ್ನ 32 ಮನೆಗೋ 64 ಮನೆಗೋ ಹಂಚ್ತೀವಿ. ಮನೆ ಕಡೆಗೆ ಬರೋ ಬೆಳಕು 1490 ನ್ಯಾನೊಮೀಟರ್, ಮನೆಯಿಂದ ಹೋಗೋದು 1310. ಒಂದೇ ಎಳೆಯಲ್ಲಿ ಎರಡೂ ಕಡೆ ಓಡಾಟ.

ಕಾರ್ಯದರ್ಶಿ: ಸಂಪೂರ್ಣ ಆಂತರಿಕ ಪ್ರತಿಫಲನ. ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೀನೋ. ಹಂಚಿದಾಗ ಬೆಳಕು ಕಡಿಮೆ ಆಗಬೇಕಲ್ಲ?

ಗುತ್ತಿಗೆದಾರ: ಆಗುತ್ತೆ. ಸಾಮಾನ್ಯವಾಗಿ ಬಳಸೋ ಸಲಕರಣೆಯಲ್ಲಿ ನಮಗೆ ಖರ್ಚು ಮಾಡಕ್ಕೆ ಸಿಗೋದು 28 ಡೆಸಿಬೆಲ್. ಅಷ್ಟರೊಳಗೆ ಮನೆ ಮುಟ್ಟಬೇಕು.

ಕಾರ್ಯದರ್ಶಿ: ಒಂದು ಸಲ ಎರಡು ಪಾಲು ಮಾಡಿದರೆ ಅರ್ಧ, ಅಂದ್ರೆ 3 ಡೆಸಿಬೆಲ್. 32 ಪಾಲು ಅಂದ್ರೆ ಐದು ಸಲ. ಐದು ಮೂರಲಿ 15.

ಗುತ್ತಿಗೆದಾರ: ಪುಸ್ತಕದಲ್ಲಿ 15, ಕೈಯಲ್ಲಿ 17ರ ಹತ್ತಿರ. ಗಾಜಿನಲ್ಲಿ ಕಿಲೋಮೀಟರಿಗೆ ಹೆಚ್ಚೆಂದರೆ 0.35 ಹೋಗುತ್ತೆ, 20 ಕಿಲೋಮೀಟರಿಗೆ 7. ಎಲ್ಲಾ ಸೇರಿ 24. ಉಳಿದ ನಾಲ್ಕರಲ್ಲಿ ಜಾಯಿಂಟು, ಕನೆಕ್ಟರ್ ಎಲ್ಲ ಮುಗೀಬೇಕು. ಇಪ್ಪತ್ತು ಕಿಲೋಮೀಟರ್ ದೂರಕ್ಕೂ ಸಾಕು ಅಂದ ಮೇಲೆ ಅರ್ಧ ಕಿಲೋಮೀಟರ್ ಯಾವ ಲೆಕ್ಕ? ದಾರಿಯಲ್ಲಿ ಕರೆಂಟೂ ಬೇಡ. ಕೇಬಲ್ ಟಿವಿ ಕಾಲದಲ್ಲಿ ನಾಲ್ಕು ಕಂಬಕ್ಕೊಂದು ಆಂಪ್ಲಿಫೈಯರ್ ಇಡ್ತಿದ್ವಿ. ಯಾರದೋ ಮನೆಯಿಂದ ಕರೆಂಟ್ ತಗೊಂಡು, ಅವರಿಗೆ ಚಾನೆಲ್ ಫ್ರೀ ಅಂತ ಒಪ್ಪಿಸಬೇಕಿತ್ತು. ಅವರ ಮನೆ ಫ್ಯೂಸ್ ಹೋದರೆ ಇಡೀ ಬೀದಿಗೆ ಧಾರಾವಾಹಿ ಇಲ್ಲ!

ಕಾರ್ಯದರ್ಶಿ: ಹಾಗಾದ್ರೆ ಗಾಜು ದುಬಾರಿಯೇ?

ಗುತ್ತಿಗೆದಾರ: ಗಾಜು ಅಗ್ಗ. ಖರ್ಚಿನ ಬಹುಪಾಲು ಹೋಗೋದು ಅಗೆಯೋದಕ್ಕೆ, ಪೈಪ್ ಹೂಳೋದಕ್ಕೆ, ಮುಚ್ಚೋದಕ್ಕೆ, ಅನುಮತಿ ಶುಲ್ಕಕ್ಕೆ. ಒಂದು ಎಳೆ ಹಾಕಿದರೂ 48 ಎಳೆ ಹಾಕಿದರೂ ಗುಂಡಿಯ ಖರ್ಚು ಒಂದೇ.

ಕಾರ್ಯದರ್ಶಿ: ಅಷ್ಟು ಖರ್ಚು ಮಾಡಿ ನಮ್ಮಂಥ ಬಡಾವಣೆಗೆ ಬಂದ್ರೆ ವಾಪಸ್ಸು ಬರುತ್ತಾ?

ಗುತ್ತಿಗೆದಾರ: ಅದೇ ನೋಡಿ, ಕಂಪನಿಯವರು ನನ್ನ ಕೇಳೋ ಮೊದಲ ಪ್ರಶ್ನೆ. ಆರುನೂರು ಸೈಟು ಅನ್ನಿ. ಅದರಲ್ಲಿ ಇನ್ನೂರು ಖಾಲಿ, ಪಾರ್ಥೇನಿಯಂ ಬೆಳೆದಿದೆ. ಕೇಬಲ್ ಮಾತ್ರ ಖಾಲಿ ಸೈಟಿನ ಮುಂದೆನೂ ಹಾದು ಹೋಗಬೇಕು. ಉಳಿದ ನಾನೂರು ಮನೆಯಲ್ಲಿ ಕೆಲವರಿಗೆ ಮೊಬೈಲ್ ಡೇಟಾನೇ ಸಾಕು. ಮಿಕ್ಕವರನ್ನ ಇರೋ ಕಂಪನಿ ಜೊತೆ ಹಂಚಿಕೋಬೇಕು. ನೂರೈವತ್ತು ಮನೆ ಸಿಕ್ಕರೆ ಅದೃಷ್ಟ. ತಿಂಗಳ ಪ್ಲ್ಯಾನು 399 ರೂಪಾಯಿಯಿಂದ ಶುರು ಆಗೋ ಕಾಲ ಇದು. ಅದರಲ್ಲಿ ಬ್ಯಾಂಡ್‌ವಿಡ್ತ್ ಖರ್ಚು, ಸರ್ಕಾರದ ಲೈಸೆನ್ಸ್ ಫೀ, ಮನೆಗೆ ಕೊಡೋ ಪೆಟ್ಟಿಗೆ, ರಿಪೇರಿ ಹುಡುಗರ ಸಂಬಳ. ಗುಂಡಿಯ ಸಾಲ ತೀರೋದಕ್ಕೆ ವರ್ಷಗಳು ಹಿಡಿಯುತ್ತೆ.

ಕಾರ್ಯದರ್ಶಿ: ಅದಕ್ಕೇ ಅಪಾರ್ಟ್‌ಮೆಂಟುಗಳಿಗೆ ನೀವೆಲ್ಲ ಮುಗಿಬೀಳೋದು.

ಗುತ್ತಿಗೆದಾರ: ಹೌದು. ಮುನ್ನೂರು ಮನೆ, ಒಂದೇ ಗೇಟು, ಮೇಲಕ್ಕೆ ಹೋಗೋ ಡಕ್ಟ್ ಸಿದ್ಧ ಇರುತ್ತೆ. ಒಂದೇ ದಿನ ಒಂದು ಬ್ಲಾಕ್ ಮುಗಿಸ್ತೀವಿ. ಅಲ್ಲಿನ ಸಮಸ್ಯೆ ಬೇರೆ. ಬಿಲ್ಡರ್ ಮೊದಲೇ ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡಿರ್ತಾನೆ. ಎರಡನೆಯವರು ಹೋದರೆ ‘ಡಕ್ಟ್‌ನಲ್ಲಿ ಜಾಗ ಇಲ್ಲ’ ಅಂತಾರೆ. ಇಲ್ಲದಿದ್ದರೆ ಸಂಘಕ್ಕೆ ‘ಡೊನೇಷನ್’ ಕೇಳ್ತಾರೆ.

ಕಾರ್ಯದರ್ಶಿ: ನಮ್ಮ ಸಭೆಯಲ್ಲೂ ಒಬ್ಬರು ಅದೇ ಸಲಹೆ ಕೊಟ್ಟರು. ಗಣೇಶೋತ್ಸವದ ಖರ್ಚು ಕಂಪನಿಯಿಂದ ವಸೂಲು ಮಾಡೋಣ ಅಂತ.

ಗುತ್ತಿಗೆದಾರ: ಆ ದುಡ್ಡು ಬೇರೆಲ್ಲಿಂದ ಬರುತ್ತೆ ಮೇಡಂ? ನಿಮ್ಮ ಬಿಲ್ಲಿಂದಲೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡೋ ನಿಯಮ ತಂದಿದೆ. ನೀರು, ಲಿಫ್ಟ್ ವಿಚಾರಿಸಿದ ಹಾಗೆ, ಮನೆ ಕೊಳ್ಳೋರು ‘ಎಷ್ಟು ಕಂಪನಿ ಇಲ್ಲಿಗೆ ಬರಬಹುದು’ ಅಂತ ವಿಚಾರಿಸೋ ಕಾಲ ಬಂದರೆ ಬಿಲ್ಡರುಗಳು ದಾರಿಗೆ ಬರ್ತಾರೆ.

ಕಾರ್ಯದರ್ಶಿ: ಅನುಮತಿ ವಿಷಯಕ್ಕೆ ಬನ್ನಿ. ಕೇಂದ್ರ ಸರ್ಕಾರ ಎಲ್ಲ ಸುಲಭ ಮಾಡಿದೆ ಅಂತ ಪತ್ರಿಕೆಯಲ್ಲಿ ಓದಿದ್ದೆ.

ಗುತ್ತಿಗೆದಾರ: ಕಾಗದದಲ್ಲಿ ಸುಲಭನೇ. 2016ರಲ್ಲಿ ರೈಟ್ ಆಫ್ ವೇ, ಅಂದ್ರೆ ಕೇಬಲ್ ಹಾಕೋ ದಾರಿಯ ಹಕ್ಕಿನ ನಿಯಮ ಬಂತು. ಅರುವತ್ತು ದಿನದಲ್ಲಿ ಇಲಾಖೆ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕ ಹಾಗೆ ಅಂತ ಅದರಲ್ಲಿತ್ತು. ಆಡಳಿತ ಶುಲ್ಕ ಕಿಲೋಮೀಟರಿಗೆ ಸಾವಿರ ರೂಪಾಯಿ ಮೀರಬಾರದು ಅಂತಲೂ ಇತ್ತು. ಆಮೇಲೆ 2023ರ ದೂರಸಂಪರ್ಕ ಕಾಯ್ದೆ. ಅದರಡಿ ಮಾಡಿದ ಹೊಸ ನಿಯಮ 2025ರ ಜನವರಿ 1ರಿಂದ ಜಾರಿ. ಅರ್ಜಿ ಎಲ್ಲ ಪೋರ್ಟಲ್‌ನಲ್ಲೇ.

ಕಾರ್ಯದರ್ಶಿ: ಮತ್ತೇನು ತೊಂದರೆ?

ಗುತ್ತಿಗೆದಾರ: ‘ಅನುಮತಿ ಸಿಕ್ಕ ಹಾಗೆ’ ಅಂತ ಒಂದು ಪ್ರಿಂಟ್‌ಔಟ್ ಹಿಡ್ಕೊಂಡು ಬೀದಿಗೆ ಗುದ್ದಲಿ ತಗೊಂಡು ಹೋಗಿ ನೋಡಿ. ವಾರ್ಡ್ ಇಂಜಿನಿಯರ್ ಬರ್ತಾರೆ, ಟ್ರಾಫಿಕ್ ಪೊಲೀಸ್ ಬರ್ತಾರೆ, ಅಂಗಡಿಯವರು ಬರ್ತಾರೆ. ಕಾನೂನು ದೆಹಲಿಯದು, ಬೀದಿ ಇಲ್ಲಿಯದು. ರಸ್ತೆ ಪಾಲಿಕೆದು, ಕಂಬ ಬೆಸ್ಕಾಂದು, ನೀರಿನ ಪೈಪು ಜಲಮಂಡಳಿದು, ಮರ ಅರಣ್ಯ ವಿಭಾಗದ್ದು. ಮಳೆಗಾಲದಲ್ಲಿ ಅಗೆತ ನಿಲ್ಲಿಸ್ತಾರೆ. ಹಬ್ಬ, ಚುನಾವಣೆ ಬಂದ್ರೆ ಮತ್ತೆ ನಿಲ್ಲಿಸ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು. ಗಡಿ ರಸ್ತೆ ಆದರೆ ಯಾವ ಬಾಗಿಲು ತಟ್ಟಬೇಕು ಅನ್ನೋದೇ ಒಂದು ಕೆಲಸ.

ಕಾರ್ಯದರ್ಶಿ: ಇಲಾಖೆಯವರಿಗೂ ಒಂದು ನ್ಯಾಯ ಇದೆ ಅಲ್ವಾ? ರಸ್ತೆ ಕೆಟ್ಟರೆ ಜನ ಬೈಯೋದು ಅವರನ್ನ, ನಿಮ್ಮನ್ನಲ್ಲ. ಗುಂಡಿಗೆ ಒಂದು ಬುಟ್ಟಿ ಮಣ್ಣು ಸುರಿದು, ಕಾಲಲ್ಲಿ ತುಳಿದು ಹೋದವರು ಎಷ್ಟು ಜನ ಇಲ್ಲ? ಮೊದಲ ಮಳೆಗೆ ಅಲ್ಲೇ ಸ್ಕೂಟರ್ ಬೀಳುತ್ತೆ.

ಗುತ್ತಿಗೆದಾರ: ಒಪ್ಕೋತೀನಿ. ನಮ್ಮವರಲ್ಲಿ ರಾತ್ರೋರಾತ್ರಿ ಅಗೆದು ಮುಚ್ಚೋರು ಇದ್ದಾರೆ. ಅನುಮತಿ ತಗೊಂಡವನಿಗೆ ಆರು ತಿಂಗಳು, ತಗೊಳ್ಳದವನಿಗೆ ಒಂದು ರಾತ್ರಿ. ಅಂಥ ಪೈಪೋಟಿಯಲ್ಲಿ ಪ್ರಾಮಾಣಿಕನೇ ಹಿಂದೆ ಬೀಳ್ತಾನೆ.

ಕಾರ್ಯದರ್ಶಿ: ಅಗೆದಾಗ ಕೆಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?

ಗುತ್ತಿಗೆದಾರ: ಬಹಳ ಸಲ ನೀರು ಚಿಮ್ಮಿದ ಮೇಲೆ! ಕಾವೇರಿ ಪೈಪು, ಒಳಚರಂಡಿ, ಕರೆಂಟ್ ಕೇಬಲ್, ಈಗ ಗ್ಯಾಸ್ ಪೈಪು. ಯಾರದು ಎಷ್ಟು ಆಳದಲ್ಲಿದೆ ಅಂತ ಒಂದೇ ನಕ್ಷೆಯಲ್ಲಿ ಕೊಡೋರು ಇಲ್ಲ. ದೂರಸಂಪರ್ಕ ಇಲಾಖೆ ಮಾದರಿಯಲ್ಲಿ ಕೇಬಲ್ 1.65 ಮೀಟರ್ ಆಳದಲ್ಲಿ ಇರಬೇಕು. ಊರೊಳಗೆ ಅಷ್ಟು ಆಳಕ್ಕೆ ಇಳಿದರೆ ಇನ್ನೊಬ್ಬರದು ಸಿಕ್ಕೇ ಸಿಗುತ್ತೆ. 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನೋ ಆ್ಯಪ್ ಬಂತು. ಅಗೆಯೋರು ಮೊದಲೇ ತಿಳಿಸಿದರೆ ಕೆಳಗಿರೋ ಆಸ್ತಿಯವರು ಎಚ್ಚರಿಕೆ ಕೊಡಬೇಕು. ಐಡಿಯಾ ಒಳ್ಳೇದು. ಜೆಸಿಬಿ ಡ್ರೈವರ್ ತನಕ ಅದು ಇಳಿಯಬೇಕಲ್ಲ? ಒಂದು ಬಕೆಟ್ ಹಾಕಿದರೆ 96 ಎಳೆ ಒಟ್ಟಿಗೆ ಹೋಗುತ್ತೆ. ಒಂದೊಂದು ಎಳೆಯನ್ನೂ ಬಣ್ಣ ನೋಡಿ, ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಕರಗಿಸಿ ಕೂಡಿಸಬೇಕು. ಬೆಳಕು ಓಡೋ ತಿರುಳು ಒಂಬತ್ತು ಮೈಕ್ರಾನ್. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ. ಗುಂಡಿಯಲ್ಲಿ ಕೂತು, ಮೇಲೆ ಛತ್ರಿ ಹಿಡಿಸಿಕೊಂಡು ಮಾಡ್ತಾರೆ ನಮ್ಮ ಹುಡುಗರು. ರಿಪೇರಿಗೆ ಎರಡು ದಿನ ಅಂದ್ರಲ್ಲ, ಅದರಲ್ಲಿ ಇದೂ ಸೇರಿದೆ.

ಕಾರ್ಯದರ್ಶಿ: ಅದಕ್ಕೇ ಎಲ್ಲರೂ ಮೇಲಿಂದ ಎಳೆಯೋದೇ? ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ?

ಗುತ್ತಿಗೆದಾರ: ಮೇಲಿಂದ ಎಳೆದರೆ ಖರ್ಚು ಕಡಿಮೆ, ಅನುಮತಿ ತಲೆನೋವು ಕಡಿಮೆ, ಕೆಲಸ ಬೇಗ. ನಿಜ ಹೇಳಬೇಕಂದ್ರೆ ಈ ಊರಿನ ಅರ್ಧ ಇಂಟರ್ನೆಟ್ ಹೊಂಗೆ ಮರ, ಮಳೆಮರದ ಕೃಪೆ.

ಕಾರ್ಯದರ್ಶಿ: ತಮಾಷೆ ಮಾತಲ್ಲ. ಫುಟ್‌ಪಾತಿನಲ್ಲಿ ಸುರುಳಿ ಸುತ್ತಿ ಬಿಟ್ಟ ಕೇಬಲ್‌ಗೆ ವಯಸ್ಸಾದವರು ಎಡವಿ ಬೀಳ್ತಾರೆ. ಜೋತುಬಿದ್ದ ತಂತಿ ಬೈಕಿನವರ ಕುತ್ತಿಗೆಗೆ ಸಿಗುತ್ತೆ. ಕಂಬದ ಮೇಲೆ ಹತ್ತೋ ಲೈನ್‌ಮನ್‌ಗೆ ಕಾಲಿಡಕ್ಕೆ ಜಾಗ ಇಲ್ಲ. 2024ರಲ್ಲಿ ಬೆಸ್ಕಾಂ ಗಡುವು ಕೊಟ್ಟು ಕೇಬಲ್ ಕತ್ತರಿಸಕ್ಕೆ ಶುರು ಮಾಡಿದಾಗ ನಾನಂತೂ ಸರಿ ಅಂದೆ.

ಗುತ್ತಿಗೆದಾರ: ಸರಿನೇ. ಆದ್ರೆ ಕತ್ತರಿಸಿದ ಜಾಗದಲ್ಲಿ ಏನಾಯ್ತು? ಸತ್ತ ಕೇಬಲ್ ಯಾವುದು, ಜೀವ ಇರೋದು ಯಾವುದು ಅಂತ ಕೆಳಗೆ ನಿಂತು ನೋಡಿದರೆ ಗೊತ್ತಾಗಲ್ಲ. ಕಂಪನಿ ಮುಚ್ಚಿ ಹೋದವರ ತಂತಿನೂ ಹಾಗೇ ನೇತಾಡ್ತಿರುತ್ತೆ, ಬಿಚ್ಚೋದಕ್ಕೆ ಯಾರಿಗೂ ಕಾಸು ಸಿಗಲ್ಲ. ಮನೆಯಿಂದ ಕೆಲಸ ಮಾಡೋರ ಲೈನ್ ಹೋಯ್ತು, ವಾರದಲ್ಲಿ ಮತ್ತೆ ಹೊಸ ತಂತಿ ಏರಿತು. ಕಂಬ ಬೇಡ ಅನ್ನೋದಾದ್ರೆ ಬೇರೆ ದಾರಿ ತೋರಿಸಬೇಕು. ಕೇರಳದವರು ಕಂಬನೇ ಲೆಕ್ಕಕ್ಕೆ ತಗೊಂಡರು ನೋಡಿ. ಅಲ್ಲಿನ ಕೆ-ಫೋನ್ ಯೋಜನೆ ವಿದ್ಯುತ್ ಮಂಡಳಿಯ ಕಂಬ, ಲೈನುಗಳ ಮೇಲೇ ಸರ್ಕಾರದ ಫೈಬರ್ ಜಾಲ ಎಳೀತು. 2023ರ ಜೂನ್ 5ಕ್ಕೆ ಉದ್ಘಾಟನೆ. ಕಂಬದ ಮೇಲೆ ಹೋಗೋದು ಅಪರಾಧ ಅಲ್ಲ. ಲೆಕ್ಕ ಇಲ್ಲದೆ ಹೋಗೋದು ಅಪರಾಧ.

ಕಾರ್ಯದರ್ಶಿ: ನಮ್ಮ ಗೇಟಿನ ಆಚೆ ವಠಾರಗಳ ಸಾಲು ಇದೆಯಲ್ಲ, ನಮ್ಮಲ್ಲಿ ಕೆಲಸಕ್ಕೆ ಬರೋರೆಲ್ಲ ಅಲ್ಲೇ ಇರೋದು. ಅಲ್ಲಿಗೆ ಯಾಕೆ ಯಾರೂ ಹೋಗಲ್ಲ? ಮನೆ ದಟ್ಟವಾಗಿದೆ, ಖಾಲಿ ಸೈಟೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಅದು ಲಾಭ ಬರೋ ಜಾಗ ಆಗಬೇಕು.

ಗುತ್ತಿಗೆದಾರ: ಆಗಬೇಕು. ಆದ್ರೆ ಅಲ್ಲಿ ಮನೆ ಓನರ್ ಒಬ್ಬ, ಇರೋರು ಇನ್ನೊಬ್ಬರು. ಗೋಡೆಗೆ ಮೊಳೆ ಹೊಡೆಯಕ್ಕೆ ಓನರ್ ಒಪ್ಪಲ್ಲ. ಬಾಡಿಗೆಯವರು ಹನ್ನೊಂದು ತಿಂಗಳಿಗೆ ಖಾಲಿ ಮಾಡ್ತಾರೆ. ಆರು ತಿಂಗಳ ದುಡ್ಡು ಮುಂಗಡ ಕೇಳಿದರೆ ಕೊಡಕ್ಕೆ ಆಗಲ್ಲ. ದಿನದ ಡೇಟಾ ಹಾಕಿಸಿಕೊಂಡು ಮೊಬೈಲಲ್ಲೇ ಮಕ್ಕಳು ಪಾಠ ನೋಡ್ತಾರೆ. ಕಂಪನಿ ಸರ್ವೆಯಲ್ಲಿ ಅಂಥ ಬೀದಿಗೆ ಬಣ್ಣನೇ ಹಾಕಿರಲ್ಲ.

ಕಾರ್ಯದರ್ಶಿ: ಪಂಚಾಯ್ತಿಗಳಿಗೆ ಸರ್ಕಾರ ಫೈಬರ್ ಹಾಕ್ತಿದೆಯಲ್ಲ, ಭಾರತ್‌ನೆಟ್ ಅಂತ?

ಗುತ್ತಿಗೆದಾರ: 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಅದು. ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿ ಗುರಿ. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಗೆ ವಿಸ್ತರಣೆ ಆಯ್ತು. ಕಲಿಯಬೇಕಾದ ಪಾಠ ಇಷ್ಟೇ: ಪಂಚಾಯ್ತಿ ಕಟ್ಟಡದ ಒಳಗೆ ಪೆಟ್ಟಿಗೆ ಇಟ್ಟ ಮಾತ್ರಕ್ಕೆ ಮನೆಗೆ ಇಂಟರ್ನೆಟ್ ಬರಲ್ಲ. ಅಲ್ಲಿಂದ ಮನೆ ತನಕ ಎಳೆಯೋನು, ಕೆಟ್ಟರೆ ನೋಡೋನು, ತಿಂಗಳ ಬಾಡಿಗೆ ಎತ್ತೋನು ಒಬ್ಬ ಸ್ಥಳೀಯ ಬೇಕು. ನಮ್ಮ ಬೆಂಗಳೂರಿನ ಅಂಚು ಇನ್ನೂ ಕಷ್ಟ. ಹಳ್ಳಿ ಯೋಜನೆಗೆ ಇದು ಪಟ್ಟಣ, ಪಟ್ಟಣದ ಕಂಪನಿಗೆ ಇದು ಹಳ್ಳಿ.

ಕಾರ್ಯದರ್ಶಿ: ನನ್ನ ಮಗ ಹೇಳ್ತಾನೆ, ಈ ಅಗೆಯೋ ರಗಳೆಯೇ ಬೇಡ, ಗಾಳಿಯಲ್ಲೇ ತಗೊಳ್ಳೋಣ ಅಂತ. ಏರ್‌ಫೈಬರ್.

ಗುತ್ತಿಗೆದಾರ: 2023ರಲ್ಲಿ ಏರ್‌ಟೆಲ್, ಜಿಯೊ ಎರಡೂ ಶುರು ಮಾಡಿದವು. ಮಹಡಿ ಮೇಲೊಂದು ಪೆಟ್ಟಿಗೆ, 5ಜಿ ಟವರ್‌ನಿಂದ ನೇರ ಸಿಗ್ನಲ್. ಫೈಬರ್ ಬರದ ಜಾಗಕ್ಕೆ ವರದಾನನೇ. ಆದ್ರೆ ಆ ಟವರಿನ ಸಾಮರ್ಥ್ಯವನ್ನ ಸುತ್ತಲಿನ ಮೊಬೈಲುಗಳ ಜೊತೆ ಹಂಚಿಕೋಬೇಕು. ಒಂದೇ ಟವರ್ ಮೇಲೆ ಮನೆಗಳು ಹೆಚ್ಚಾದ ಹಾಗೆ ಸಾಯಂಕಾಲ ನಿಧಾನ ಆಗುತ್ತೆ. ಇನ್ನೊಂದು ವಿಷಯ, ಟವರಿಗೂ ಒಳ್ಳೆ ವೇಗ ಬೇಕಂದ್ರೆ ಅದರ ಬುಡಕ್ಕೆ ಫೈಬರ್ ಬರಬೇಕು. ಆ ಫೈಬರೂ ಇದೇ ರಸ್ತೆ ಅಗೆದೇ ಬರೋದು. ದೇಶದಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ 90 ಕೋಟಿಯ ಆಸುಪಾಸು, ತಂತಿ ಮೂಲಕ ಬರೋದು ನಾಲ್ಕು ಕೋಟಿ ಚಿಲ್ಲರೆ. ಅಂತರ ನೋಡಿ. ಇನ್ನೆಷ್ಟು ಅಗೆತ ಬಾಕಿ ಇದೆ ಅಂತ ಅದರಿಂದಲೇ ಅಂದಾಜು ಮಾಡ್ಕೊಳ್ಳಿ.

ಕಾರ್ಯದರ್ಶಿ: ಅಷ್ಟು ಆಳಕ್ಕೆ ಯಾಕೆ ಅಗೀಬೇಕು? ಡಾಂಬರಲ್ಲಿ ಒಂದು ಗೀರು ಹಾಕಿ ಒಳಗೆ ತುರುಕಿ ಮುಚ್ಚಿದರೆ?

ಗುತ್ತಿಗೆದಾರ: ಗೂಗಲ್‌ನವರೇ ಮಾಡಿ ನೋಡಿದ್ದಾರೆ. ಅಮೆರಿಕದ ಲೂಯಿವಿಲ್ ಪಟ್ಟಣದಲ್ಲಿ ಎರಡು ಇಂಚು ಆಳದ ಗೀರಿನಲ್ಲಿ ಕೇಬಲ್ ಇಟ್ಟು ಮೇಲೆ ಅಂಟು ಸುರಿದರು. ಆ ಮುಚ್ಚಿಗೆ ಕಿತ್ತು ಬಂತು, ಕೇಬಲ್ ರಸ್ತೆ ಮೇಲೆ ಕಾಣಿಸ್ಕೊಂಡಿತು. 2019ರಲ್ಲಿ ಸೇವೆ ಮುಚ್ಚಿ ಹೊರಟರು. ರಸ್ತೆ ಸರಿ ಮಾಡಕ್ಕೆ ಪಟ್ಟಣಕ್ಕೆ 38.4 ಲಕ್ಷ ಡಾಲರ್ ಕೊಡೋ ಒಪ್ಪಂದ ಆಯ್ತು. ಬೆಂಗಳೂರಿನ ಮಳೆಗೆ, ನಮ್ಮ ಟಿಪ್ಪರ್ ಲಾರಿಗೆ ಆ ಗೀರು ಎಷ್ಟು ದಿನ ತಡೀತಿತ್ತು?

ಕಾರ್ಯದರ್ಶಿ: ಹಾಗಾದ್ರೆ ಉಳಿದಿರೋದು ಒಂದೇ ದಾರಿ. ಅಗೆಯೋದು ಒಂದೇ ಸಲ ಆಗಬೇಕು. ಇವತ್ತು ನೀವು, ನಾಳೆ ಇನ್ನೊಬ್ಬರು, ನಾಡಿದ್ದು ಮತ್ತೊಬ್ಬರು ಅಂತ ಇರಬಾರದು. ನೀವು ಹಾಕೋ ಪೈಪ್ ಎಷ್ಟು ದಪ್ಪ?

ಗುತ್ತಿಗೆದಾರ: 40 ಮಿಲಿಮೀಟರ್ ಎಚ್‌ಡಿಪಿಇ ಪೈಪು. ಒಂದು ಕಂಪನಿಗೆ ಒಂದು.

ಕಾರ್ಯದರ್ಶಿ: ಅದೇ ಗುಂಡಿಯಲ್ಲಿ ನಾಲ್ಕು ಹಾಕಿದರೆ?

ಗುತ್ತಿಗೆದಾರ: ಪೈಪಿನ ಬೆಲೆ ಹೆಚ್ಚಾಗುತ್ತೆ, ಅಗೆತದ ಖರ್ಚು ಹೆಚ್ಚುಕಡಿಮೆ ಅಷ್ಟೇ. ಆದ್ರೆ ಕಂಪನಿ ಒಪ್ಪಲ್ಲ ಮೇಡಂ. ಅವರ ದುಡ್ಡಲ್ಲಿ ಪ್ರತಿಸ್ಪರ್ಧಿಗೆ ದಾರಿ ಮಾಡಿಕೊಡಿ ಅಂದ್ರೆ ಯಾರು ಒಪ್ತಾರೆ? ಮೊದಲು ಬಂದ ಕಂಪನಿಯೂ ಬರೀ ಒಂದೇ ಪೈಪ್ ಹಾಕಿದ್ದು ಮರೆತು ಅಲ್ಲ.

ಕಾರ್ಯದರ್ಶಿ: ಸಮಸ್ಯೆಯ ಬುಡ ಇಲ್ಲಿದೆ ನೋಡಿ. ಇಂಟರ್ನೆಟ್ ಮಾರೋನ ಕೈಗೇ ದಾರಿ ಮಾಡೋ ಕೆಲಸ ಕೊಟ್ಟಿದ್ದೀವಿ. ಬಸ್ ಕಂಪನಿಗೊಂದು ರಸ್ತೆ ಅಂತ ಯಾರಾದ್ರೂ ಮಾಡ್ತಾರಾ? ರಸ್ತೆ ಊರಿನದು, ಬಸ್ಸು ಯಾರದಾದ್ರೂ ಇರಲಿ. ಪೈಪನ್ನ ಇಂಟರ್ನೆಟ್ ಮಾರದವರು ಹಾಕಬೇಕು. ಎಲ್ಲರಿಗೂ ಒಂದೇ ಬಾಡಿಗೆಗೆ ಕೊಡಬೇಕು.

ಗುತ್ತಿಗೆದಾರ: ಅದನ್ನೂ ಮಾಡಿ ನೋಡಿದ್ದಾರೆ. ರೆಸಿಡೆನ್ಸಿ ರೋಡ್, ವಿಠ್ಠಲ್ ಮಲ್ಯ ರೋಡ್ ಕಡೆ ಟೆಂಡರ್‌ಶ್ಯೂರ್ ರಸ್ತೆ ಮಾಡಿದಾಗ ಫುಟ್‌ಪಾತಿನ ಕೆಳಗೆ ನೀರು, ಕರೆಂಟು, ಫೈಬರ್ ಕೇಬಲ್ ಎಲ್ಲಕ್ಕೂ ಬೇರೆ ಬೇರೆ ಜಾಗ ಇಟ್ಟರು. ಅಂಥ ರಸ್ತೆಗಳಲ್ಲೂ ಮರದ ಮೇಲೆ ಕೇಬಲ್ ನೇತಾಡೋದನ್ನ ನಾನು ನೋಡಿದ್ದೀನಿ. ಮೇಲೆ ಪುಕ್ಕಟೆ ಇರೋವಾಗ ಕೆಳಗೆ ಬಾಡಿಗೆ ಕೊಟ್ಟು ಯಾರು ಹೋಗ್ತಾರೆ?

ಕಾರ್ಯದರ್ಶಿ: ಹಾಗಾದ್ರೆ ಎರಡೂ ಒಟ್ಟಿಗೆ ಆಗಬೇಕು. ಕೆಳಗೆ ದಾರಿ ಕೊಟ್ಟ ದಿನವೇ ಮೇಲಿನ ದಾರಿ ಮುಚ್ಚಬೇಕು. ಒಂದು ಮಾತ್ರ ಮಾಡಿದರೆ ಪೈಪಿನೊಳಗೆ ಇಲಿ ಸಂಸಾರ, ಮರದ ಮೇಲೆ ತಂತಿ ಸಂಸಾರ.

ಗುತ್ತಿಗೆದಾರ: ನನ್ನ ಹೆದರಿಕೆನೂ ಕೇಳಿ. ಪೈಪಿನ ಗುತ್ತಿಗೆ ಒಬ್ಬ ದೊಡ್ಡವನ ಕೈಗೆ ಹೋದರೆ ಬಾಡಿಗೆ ಅವನು ಹೇಳಿದ್ದೇ. ದೊಡ್ಡ ಕಂಪನಿ ಕೊಡುತ್ತೆ, ಜಿಲ್ಲಾ ಮಟ್ಟದ ಲೈಸೆನ್ಸ್ ಇರೋ ಸಣ್ಣ ಆಪರೇಟರ್ ಸಾಯ್ತಾನೆ. ಕೇಬಲ್ ಟಿವಿ ಕಾಲದಿಂದ ಮನೆಮನೆ ಗೊತ್ತಿರೋನು, ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಏಣಿ ಹಿಡ್ಕೊಂಡು ಬರೋನು ಅವನೇ. ಈಗ ಅವನು ಮೇಲಿಂದ ಎಳೆಯೋದು ನಿಲ್ಲಿಸಿದರೆ ಅವನ ಅಂಗಡಿ ಮುಚ್ಚಿದ ಹಾಗೆ.

ಕಾರ್ಯದರ್ಶಿ: ಬಾಡಿಗೆ ಮೀಟರ್ ಲೆಕ್ಕದಲ್ಲಿ, ಎಲ್ಲರಿಗೂ ಒಂದೇ, ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕೋದು. ನಿರ್ವಹಣೆಗೆ ಬೇಕಾದಷ್ಟೇ, ಅದರಲ್ಲಿ ಲಾಭ ಮಾಡೋ ಹಾಗಿಲ್ಲ. ಸಣ್ಣವನು ಸ್ವಂತ ಗುಂಡಿ ತೋಡೋ ಬಂಡವಾಳ ತರೋದಕ್ಕಿಂತ ಬಾಡಿಗೆ ಕೊಡೋದು ಸುಲಭ ಅಲ್ವಾ? ಸಾಮಾನ್ಯ ಪೈಪ್ ಇದ್ದರೆ ಸಣ್ಣವನೇ ಬದುಕೋದು. ಇಲ್ಲದಿದ್ದರೆ ಆಳವಾದ ಜೇಬಿನವನು ಮಾತ್ರ ಅಗೀತಾನೆ.

ಗುತ್ತಿಗೆದಾರ: ಅದು ನ್ಯಾಯವಾದ ಮಾತು. ಹಾಗಿದ್ರೆ ಬರೀರಿ ಷರತ್ತು, ಕಂಪನಿಗೆ ತೋರಿಸ್ತೀನಿ.

ಕಾರ್ಯದರ್ಶಿ: ಒಂದು, ಡಾಂಬರು ಮುಟ್ಟೋ ಹಾಗಿಲ್ಲ. ರಸ್ತೆ ಅಂಚಿನ ಮಣ್ಣಿನ ಪಟ್ಟಿಯಲ್ಲಿ ಅಗೀರಿ. ರಸ್ತೆ ದಾಟೋ ಕಡೆ ಕೆಳಗಿಂದ ಕೊರೆದು ಪೈಪ್ ತಳ್ಳಿ.

ಗುತ್ತಿಗೆದಾರ: ಎಚ್‌ಡಿಡಿ ಮಷಿನ್. ಆಗುತ್ತೆ, ಕೊರೆಯೋ ಮುಂಚೆ ನೀರಿನ ಪೈಪ್ ಎಲ್ಲಿದೆ ಅಂತ ನಿಮ್ಮ ವಾಟರ್‌ಮನ್ ಜೊತೆಗಿದ್ದು ತೋರಿಸಬೇಕು.

ಕಾರ್ಯದರ್ಶಿ: ಎರಡು, ಒಂದರ ಬದಲು ನಾಲ್ಕು ಪೈಪ್. ನಿಮ್ಮದೊಂದಕ್ಕೆ ಕಂಪನಿ ದುಡ್ಡು, ಮಿಕ್ಕ ಮೂರರ ಬೆಲೆ ಸಂಘದ್ದು. ಅವು ಸಂಘದ ಆಸ್ತಿ. ಇರೋ ಕಂಪನಿ ಎಲ್ಲಾದ್ರೂ ಮೇಲಿಂದ ತಂತಿ ಎಳೆದಿದ್ದರೆ ಅದನ್ನ ಇಳಿಸಿ ಪೈಪಿನೊಳಗೆ ಬರಬಹುದು, ಬರದಿದ್ದರೆ ಗಡುವು ಮುಗಿದ ದಿನ ನಾವೇ ಇಳಿಸ್ತೀವಿ. ಮೂರು, ಖಾಲಿ ಸೈಟಿನ ಮುಂದೆಯೂ ಒಂದೊಂದು ಚೇಂಬರ್ ಬಾಯಿ ಬಿಟ್ಟಿರಬೇಕು. ನಾಳೆ ಅಲ್ಲಿ ಮನೆ ಎದ್ದಾಗ ಮತ್ತೆ ಅಗೆತ ಬೇಡ. ನಾಲ್ಕು, ಕೆಲಸ ಮುಗಿದ ಮೇಲೆ ಆಳ, ಅಳತೆ ಸಮೇತ ನಕ್ಷೆ. ಬಡಾವಣೆ ಪಾಲಿಕೆಗೆ ಹೋಗೋ ದಿನ ಆ ನಕ್ಷೆನೂ ಜೊತೆಗೆ ಹೋಗುತ್ತೆ. ಐದು, ಗೇಟಿನ ಆಚೆಯ ವಠಾರದ ತಿರುವಿನ ತನಕ ಒಂದು ಪೈಪ್ ಮುಂದುವರಿಸಿ ಬಿಡಿ. ನೀವು ಹೇಗೂ ಅದೇ ದಾರಿಯಲ್ಲಿ ಬರ್ತಿದ್ದೀರಿ.

ಗುತ್ತಿಗೆದಾರ: ಐದನೇದು ಪಾಲಿಕೆ ರಸ್ತೆ, ಕಂಪನಿ ತಕರಾರು ಮಾಡುತ್ತೆ.

ಕಾರ್ಯದರ್ಶಿ: ನಿಮಗೆ ಸಿಕ್ಕಿರೋ ಅನುಮತಿ ಆ ರಸ್ತೆಯದ್ದೇ ತಾನೇ? ನಾಲ್ಕು ಹೆಜ್ಜೆ ಹೆಚ್ಚಿಗೆ ಹೋಗಕ್ಕೆ ತಿದ್ದುಪಡಿ ಅರ್ಜಿ ಹಾಕಿ, ಸಂಘದ ಪತ್ರ ನಾನು ಕೊಡ್ತೀನಿ. ಅದಿಲ್ಲದೆ ಉಳಿದ ನಾಲ್ಕಕ್ಕೂ ಸಹಿ ಇಲ್ಲ.

ಗುತ್ತಿಗೆದಾರ: ಕಂಪನಿ ಎರಡು ತಿಂಗಳು ಯೋಚನೆ ಮಾಡುತ್ತೆ.

ಕಾರ್ಯದರ್ಶಿ: ಮಾಡಲಿ. ಅಷ್ಟರಲ್ಲಿ ಮಳೆನೂ ನಿಲ್ಲುತ್ತೆ. ಆದ್ರೆ ನೀವು ಹೋಗೋ ಬೇರೆ ಬಡಾವಣೆಗಳಲ್ಲೂ ಒಂದು ಮಾತು ಹೇಳಿ. ನಮ್ಮಲ್ಲಿ ಡಾಂಬರಿಗೆ ಮುಂಚೆ ಮೂರು ಪೈಪ್ ಹೂತಿದ್ದರೆ ಆಗ್ತಿದ್ದ ಖರ್ಚು ಈಗಿನ ಅರ್ಧವೂ ಅಲ್ಲ. ರಸ್ತೆಗೆ ಟೆಂಡರ್ ಕರೆಯೋ ಪ್ರತಿ ಸಂಘ, ಪ್ರತಿ ಪಂಚಾಯ್ತಿ, ಪ್ರತಿ ವಾರ್ಡು ಜಲ್ಲಿ ಸುರಿಯೋ ಮುಂಚೆ ಖಾಲಿ ಪೈಪಿಗೊಂದು ಸಾಲು ಸೇರಿಸಿಕೊಳ್ಳಲಿ.